ಒಂದೇ ತುಂಡಿಗೆ ನಾಲ್ಕು ಉದ್ದ

ನಮ್ಮ ಲ್ಯಾಬಿಗೆ ಬರುವ ಪ್ರತಿ ಮಾಂಸದ ತುಂಡಿಗೂ ನಾಲ್ಕು ಉದ್ದಗಳಿರುತ್ತವೆ. ಮೈಯೊಳಗೆ ಇದ್ದಾಗಿನದು ಒಂದು. ಕತ್ತರಿಸಿ ಹೊರಗೆ ತೆಗೆದ ಕೂಡಲೇ ಅದು ಮುದುಡಿಕೊಳ್ಳುತ್ತದಲ್ಲ, ಅದು ಎರಡನೆಯದು. ಕೊಳೆಯಬಾರದೆಂದು ಒಂದು ದಿನ ಫಾರ್ಮಾಲಿನ್‌ನಲ್ಲಿ ಇಟ್ಟ ಮೇಲೆ ಮೂರನೆಯದು. ಕೊನೆಗೆ ಅದರ ನೀರಿನಂಶವನ್ನೆಲ್ಲ ತೆಗೆದು, ಬಿಸಿ ಮೇಣದಲ್ಲಿ ಕೂರಿಸಿ ಇಟ್ಟಿಗೆ ಮಾಡಿದ ಮೇಲೆ ನಾಲ್ಕನೆಯದು. ಒಂದಕ್ಕಿಂತ ಒಂದು ಗಿಡ್ಡ. ಸಂತೆಯಿಂದ ತಂದ ಮೆಂತ್ಯೆ ಸೊಪ್ಪಿನ ಕಟ್ಟು ಬಾಣಲೆಗೆ ಬಿದ್ದ ಮೇಲೆ ಒಂದು ಹಿಡಿ ಆಗುವುದಿಲ್ಲವೇ, ಹಾಗೆ. ಇವುಗಳಲ್ಲಿ ನಿಜವಾದ ಉದ್ದ ಯಾವುದು ಎಂದು ಇಪ್ಪತ್ತೆರಡು ವರ್ಷ ಯಾರೂ ನನ್ನನ್ನು ಕೇಳಿರಲಿಲ್ಲ. ಕೇಳಿದ್ದರೂ, ಮೂಗಿನ ತುದಿಯಲ್ಲೇ ಸಿಟ್ಟು ಇಟ್ಟುಕೊಂಡವಳು ನಾನು, "ನಿಮಗ ಬ್ಯಾರೆ ಕೆಲಸ ಇಲ್ಲೇನ್ರಿ" ಎಂದುಬಿಡುತ್ತಿದ್ದೆ.

ನಾನು ಬೆಳಗಾವಿಯ ಸದಾಶಿವನಗರದಲ್ಲಿರುವ ಒಂದು ಪೆಥಾಲಜಿ ಲ್ಯಾಬಿನ ಟೆಕ್ನಿಶಿಯನ್. ಮನೆ ಖಾನಾಪುರದಲ್ಲಿ. ದಿನಾ ಬೆಳಿಗ್ಗೆ ಬಸ್ಸಿನಲ್ಲಿ ಹೋಗಿ ಸಂಜೆ ಬಸ್ಸಿನಲ್ಲೇ ಬರುತ್ತೇನೆ. ನೆಂಟರು ಮದುವೆ ಮನೆಯಲ್ಲಿ ನನ್ನನ್ನು "ರಕ್ತಾ ಟೆಸ್ಟ್ ಮಾಡ್ತಾಳ" ಎಂದು ಪರಿಚಯಿಸುತ್ತಾರೆ. ಮೊದಮೊದಲು ತಿದ್ದುತ್ತಿದ್ದೆ. ರಕ್ತವಲ್ಲ, ಡಾಕ್ಟರು ಆಪರೇಶನ್‌ನಲ್ಲಿ ತೆಗೆದ ತುಂಡನ್ನು ಮೇಣದಲ್ಲಿ ಹೂತು, ಈರುಳ್ಳಿ ಪೊರೆಗಿಂತ ತೆಳ್ಳಗೆ ಹೆರೆದು, ಗಾಜಿನ ಮೇಲೆ ಅಂಟಿಸಿ, ಬಣ್ಣ ಹಾಕಿ ಕೊಡುತ್ತೇನೆ, ನಮ್ಮ ಪೆಥಾಲಜಿಸ್ಟ್ ಮೇಡಂ ಅದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಕ್ಯಾನ್ಸರ್ ಹೌದೋ ಅಲ್ಲವೋ ಹೇಳುತ್ತಾರೆ ಎಂದು ವಿವರಿಸುತ್ತಿದ್ದೆ. ಕೇಳಿದವರು ಊಟದ ಎಲೆಯ ಮುಂದಿನಿಂದ ಎದ್ದು ಹೋಗತೊಡಗಿದ ಮೇಲೆ ರಕ್ತವೇ ಇರಲಿ ಎಂದು ಬಿಟ್ಟೆ.

ಎರಡು ವರ್ಷದ ಹಿಂದೆ, ಮಳೆಗಾಲ ಮುಗಿಯುತ್ತಿದ್ದ ಹೊತ್ತು, ಖಾನಾಪುರದಿಂದ ಒಂದು ಡಬ್ಬಿ ಬಂತು. ಅಲ್ಲಿಯ ಒಂದು ಸಣ್ಣ ಆಸ್ಪತ್ರೆಗೆ ವಾರಕ್ಕೆ ಎರಡು ದಿನ ಬರುವ ಸರ್ಜನ್ ಒಬ್ಬರಿದ್ದಾರೆ. ಅವರು ತೆಗೆದ ತುಂಡುಗಳು ಬಸ್ಸಿನ ಕಂಡಕ್ಟರ್ ಕೈಯಲ್ಲೇ ನಮಗೆ ಬರುತ್ತವೆ. ಬಸ್ ಸ್ಟ್ಯಾಂಡಿಗೆ ಹೋಗಿ ಇಸಿದುಕೊಳ್ಳುವುದೂ ನನ್ನ ಕೆಲಸವೇ. ಡಬ್ಬಿಯ ಒಳಗೆ ನಾಲಿಗೆಯ ಬಲಗಡೆಯ ಅಂಚಿನಿಂದ ತೆಗೆದ ಒಂದು ತುಂಡು, ಅದರ ನಡುವೆ ಹುಣ್ಣು. ಜೊತೆಯ ಫಾರಂನಲ್ಲಿ ಗಂಡಸು, ಐವತ್ತೊಂದು ವರ್ಷ, ಊರು ಪಾರಿಶ್ವಾಡ ಎಂದಿತ್ತು. ಹೆಸರೂ ಇತ್ತು, ಆದರೆ ಹೆಸರು ಓದುವ ಚಾಳಿ ನನಗಿಲ್ಲ. ನಮಗೆ ಎಲ್ಲರೂ ನಂಬರುಗಳೇ.

ಆ ತುಂಡಿನ ಮೇಲೆ ಕಪ್ಪು ದಾರದ ಎರಡು ಹೊಲಿಗೆ ಇದ್ದವು. ಒಂದು ಹುಣ್ಣಿನ ಅಂಚಿಗೆ, ಇನ್ನೊಂದು ತುಂಡಿನ ಅಂಚಿಗೆ. ನಡುವೆ ದಾರ ಸಡಿಲವಾಗಿ ಜೋತುಬಿದ್ದಿತ್ತು. ಸರ್ಜನ್‌ಗಳು ದಾರ ಕಟ್ಟಿ ಕಳಿಸುವುದು ಹೊಸದೇನಲ್ಲ. ಮುಂದಿನ ತುದಿ ಯಾವುದು, ಮೇಲಿನ ತುದಿ ಯಾವುದು ಎಂದು ತಿಳಿಯಲು ಕಟ್ಟುತ್ತಾರೆ. ಆದರೆ ಆ ಗುರುತಿನ ದಾರ ಬೇರೆ ಕಡೆ ಸರಿಯಾಗಿಯೇ ಇತ್ತು. ಇದು ಯಾರದೋ ಅವಸರದಲ್ಲಿ ಸಡಿಲ ಬಿದ್ದ ಹೊಲಿಗೆ ಎಂದುಕೊಂಡೆ. ನನಗೆ ಕೆಲಸ ಕಲಿಸಿದ ಹಳೇ ಟೆಕ್ನಿಶಿಯನ್ ಒಬ್ಬರು "ದಾರ ಅಂದ್ರ ಬ್ಲೇಡಿಗೆ ವೈರಿ, ಮೇಣದಾಗ ಹೋಗಾಕ ಬಿಡಬ್ಯಾಡ" ಎಂದು ತಲೆಗೆ ತುಂಬಿದ್ದರು. ಮೇಡಂ ಬರುವಷ್ಟರಲ್ಲಿ ತಟ್ಟೆ ಚೊಕ್ಕ ಇರಬೇಕು ಎಂಬುದು ನನ್ನದೇ ಹಟ. ಗುರುತಿನ ದಾರ ಬಿಟ್ಟು, ಆ ಸಡಿಲ ದಾರವನ್ನು ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ತೆಗೆದು, ಲ್ಯಾಬಿನ ಕಸ ಒಯ್ಯುವ ಹಳದಿ ಚೀಲಕ್ಕೆ ಹಾಕಿದೆ. ಚೊಕ್ಕ ಕೆಲಸ ಮಾಡಿದೆನೆಂದು ನನಗೆ ಖುಷಿಯೂ ಆಗಿತ್ತು, ಸುಳ್ಳು ಯಾಕೆ ಹೇಳಲಿ.

ವಾರದೊಳಗೆ ಮೇಡಂ ರಿಪೋರ್ಟ್ ಬರೆದರು. ಕ್ಯಾನ್ಸರ್ ಹೌದು. ಹುಣ್ಣಿನ ರೋಗ ಮುಗಿಯುವಲ್ಲಿಂದ ತುಂಡಿನ ಅಂಚಿನವರೆಗೆ ಇರುವ ಒಳ್ಳೆಯ ಮಾಂಸ, ಒಂದು ಕಡೆ, ಮೂರು ಮಿಲಿಮೀಟರ್. ಐದು ಇದ್ದರೆ ಡಾಕ್ಟರುಗಳು ನೆಮ್ಮದಿಯ ಉಸಿರು ಬಿಡುತ್ತಾರೆ. ಅದಕ್ಕಿಂತ ಕಡಿಮೆ ಇದ್ದರೆ ಬಾಯಲ್ಲಿ ರೋಗ ಉಳಿದಿರಬಹುದು ಎಂಬ ಗುಮಾನಿ. ಆಗ ಮತ್ತೊಮ್ಮೆ ಕತ್ತರಿಸುವ ಮಾತು ಬರುತ್ತದೆ.

ರಿಪೋರ್ಟ್ ತಲುಪಿದ ಸ್ವಲ್ಪ ಹೊತ್ತಿಗೆ ಸರ್ಜನ್ ಫೋನ್ ಮಾಡಿದರು. ಮೇಡಂ ಸ್ಪೀಕರ್ ಹಾಕಿದರು.

"ಮೂರು ಹೆಂಗ ಬರತೈತ್ರಿ ಮೇಡಂ? ನಾ ಬಾಯಾಗ ಸ್ಕೇಲ್ ಹಿಡದು ಅಳದೇನಿ. ಒಂದು ಸೆಂಟಿಮೀಟರ್ ಬಿಟ್ಟು ಕೊಯ್ದೇನಿ."

"ತುಂಡು ಕುಗ್ಗತೈತಲ್ರಿ ಡಾಕ್ಟ್ರ."

"ಅದಕ್ಕ ಅಲ್ಲೇನ್ರಿ ದಾರ ಕಟ್ಟಿದ್ದು? ಕೊಯ್ಯೂಕಿಂತ ಮೊದಲ ಹುಣ್ಣಿನ ಅಂಚಿಂದ ನಾ ಕೊಯ್ಯೂ ಜಾಗಾದ ತನಕಾ ಬಿಗಿಯಾಗಿ ಹತ್ತು ಮಿಲಿಮೀಟರ್ ದಾರ ಕಟ್ಟೇನಿ. ಮಾಂಸ ಕುಗ್ಗಬೌದು, ದಾರ ಕುಗ್ಗೂದಿಲ್ಲ. ದಾರ ಎಷ್ಟು ಸಡ್ಲ ಆಗೇತಿ ನೋಡಿದ್ರ ಎಷ್ಟು ಕುಗ್ಗೇತಿ ಗೊತ್ತಾಗತೈತಿ. ಫಾರಂ ಹಿಂದ ಎಲ್ಲಾ ಬರದೇನಿ."

ಮೇಡಂ ನನ್ನ ಕಡೆ ನೋಡಿದರು. ನಾನು ಗೋಡೆಯ ಕಡೆ ನೋಡಿದೆ. ಫಾರಂ ಒದ್ದೆಯಾಗದಿರಲಿ ಎಂದು ನಮ್ಮಲ್ಲಿ ಪ್ಲಾಸ್ಟಿಕ್ ಕವರಿಗೆ ಹಾಕಿ ಗೋಡೆಗೆ ಸಿಕ್ಕಿಸುವುದು ರೂಢಿ. ಎಲ್ಲ ಫಾರಂಗಳ ಹಿಂಬದಿ ಯಾವತ್ತೂ ಗೋಡೆಗೇ ಮುಖ ಮಾಡಿರುತ್ತದೆ. ತಿರುಗಿಸಿ ನೋಡಿದರೆ ಆ ದಾರದ ಚಿತ್ರವನ್ನೇ ಬರೆದಿದ್ದರು, ಪಾಪ, ಸಾಲಿ ಹುಡುಗರಿಗೆ ತೋರಿಸುವಂತೆ ಬಾಣದ ಗುರುತು ಹಾಕಿ. ಹಳದಿ ಚೀಲ ಹೋಗಿ ನಾಲ್ಕು ದಿನವಾಗಿತ್ತು.

"ನಾ ಕತ್ತರಿಸಿ ಒಗದೇನ್ರಿ ಮೇಡಂ" ಎಂದೆ.

ಅವರು ಬೈಯಲಿಲ್ಲ. ಬೈದಿದ್ದರೆ ನಾನೂ ತಿರುಗಿ ನಾಲ್ಕು ಮಾತಾಡಿ ಹಗುರಾಗುತ್ತಿದ್ದೆ. ಫೋನಿಗೆ ಬಗ್ಗಿ "ತಪ್ಪು ನಮ್ಮಲ್ಲೇ ಆಗೇತ್ರಿ ಡಾಕ್ಟ್ರ, ದಾರ ಇಲ್ಲ" ಎಂದರು. ಆಮೇಲೆ ತಮ್ಮ ಸ್ವಭಾವಕ್ಕೆ ತಕ್ಕಂತೆ ಇನ್ನೊಂದು ಮಾತನ್ನೂ ಸೇರಿಸಿದರು. "ಖರೇ, ದಾರ ಇದ್ರೂ ನಾ ಮೂರ ಬರೀತಿದ್ದೆ. ನೀವು ಕಣ್ಣಿಗೆ ಕಾಣೂ ಹುಣ್ಣಿಂದ ಅಳದೀರಿ. ರೋಗ ಒಳಗ ಇನ್ನೂ ಮುಂದ ಹೋಗಿರಬೌದು. ಗಾಜಿನ ಮ್ಯಾಲ ಕಂಡದ್ದು ಮೂರು."

ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎಂಬಂತೆ ಅವರಿಬ್ಬರ ಮಾತು ಸಾಗಿತು. ಒಬ್ಬರು ಬಾಯಲ್ಲಿ ಹತ್ತು ಇತ್ತು ಅನ್ನುತ್ತಾರೆ. ಒಬ್ಬರು ಗಾಜಿನ ಮೇಲೆ ಮೂರಿದೆ ಅನ್ನುತ್ತಾರೆ. ಇಬ್ಬರೂ ಸುಳ್ಳು ಹೇಳುವವರಲ್ಲ. ದಾರ ಇದ್ದಿದ್ದರೆ ಹತ್ತರಿಂದ ಮೂರರವರೆಗೆ ಇಳಿದದ್ದರಲ್ಲಿ ಕುಗ್ಗಿದ್ದೆಷ್ಟು, ರೋಗ ಒಳಗೆ ನುಗ್ಗಿದ್ದೆಷ್ಟು ಎಂದು ಒಂದಿಷ್ಟಾದರೂ ಬಿಡಿಸಿ ಹೇಳಬಹುದಿತ್ತು. ಅದನ್ನು ಬಿಡಿಸಲು ಬಾರದಂತೆ ಮಾಡಿದವಳು ನಾನು.

ಇಷ್ಟಾದರೂ ಅದು ನಂಬರೇ ಆಗಿತ್ತು. ಮರುದಿನ ಬೆಳಿಗ್ಗೆ ಖಾನಾಪುರ ಬಸ್ ಸ್ಟ್ಯಾಂಡಿನಲ್ಲಿ ಅದು ಮನುಷ್ಯನಾಯಿತು.

ನಮ್ಮ ಬಸ್ ಸ್ಟ್ಯಾಂಡಿನಲ್ಲಿ ಮೈಕಿನಲ್ಲಿ ಬಸ್ಸು ಕೂಗುವ ಕಂಟ್ರೋಲರ್ ಒಬ್ಬರಿದ್ದರು. ಮುಖ ನಾನು ನೋಡಿರಲಿಲ್ಲ, ಕಿಟಕಿಯ ಜಾಲರಿಯ ಹಿಂದೆ ಇರುತ್ತಿದ್ದರು. ದನಿ ಮಾತ್ರ ಹದಿನೈದು ವರ್ಷದಿಂದ ಗೊತ್ತು. ಮೊದಲು ಕನ್ನಡದಲ್ಲಿ, ಆಮೇಲೆ ಮರಾಠಿಯಲ್ಲಿ ಬೆಳಗಾವಿ, ಲೋಂಡಾ, ನಂದಗಡ ಎಂದು ಕೂಗುವರು. ನಡುನಡುವೆ ಮೈಕ್ ಬಂದ್ ಮಾಡದೆಯೇ "ಏ ಆಯೀ, ಚೀಲ ಬಿಟ್ಟು ಹೊಂಟೀರಿ ನೋಡ್ರಿ" ಎಂದು ಮುದುಕಿಯರನ್ನು ನಿಲ್ಲಿಸುವರು. ಒಮ್ಮೆ ನಾನು ಬಸ್ಸಿನ ಹಿಂದೆ ಓಡುತ್ತಿದ್ದಾಗ "ಲ್ಯಾಬಿನ ಬಾಯಾರ ಬರಾಕತ್ಯಾರ, ನಿಲ್ಲಸಪಾ" ಎಂದು ಇಡೀ ಸ್ಟ್ಯಾಂಡಿಗೆ ಕೇಳುವಂತೆ ಡ್ರೈವರ್‌ಗೆ ಹೇಳಿದ್ದರು. ನಾಚಿಕೆಯೂ ಆಗಿತ್ತು, ಬಸ್ಸೂ ಸಿಕ್ಕಿತ್ತು.

ಆ ದನಿ ಹತ್ತು ಹನ್ನೆರಡು ದಿನದಿಂದ ಇರಲಿಲ್ಲ. ಹೊಸಬನೊಬ್ಬ ಸಿಟ್ಟು ಬಂದವನಂತೆ ಕೂಗುತ್ತಿದ್ದ. ರಜೆ ಇರಬೇಕು ಎಂದುಕೊಂಡಿದ್ದೆ. ಅವತ್ತು ಬಸ್ಸು ತಡವಾಗಿ, ಕಿಟಕಿಗೆ ಹೋಗಿ ಕೇಳಿದೆ.

"ಹಳೇ ಕಂಟ್ರೋಲರ್ ಎಲ್ಲಿ ಹೋದ್ರಿ?"

"ಅವರಿಗೆ ನಾಲಿಗಿ ಆಪರೇಶನ್ ಆಗೇತ್ರಿ ಬಾಯಾರ. ಪಾರಿಶ್ವಾಡದಾಗ ಮನ್ಯಾಗ ಅದಾರ. ರಿಪೋರ್ಟ್ ಬರೂದೈತಂತ."

ಬಸ್ಸು ಬಂತು, ಹತ್ತಿದೆ, ಟಿಕೆಟ್ ತೆಗೆಸಿದೆ. ಬೆಳಗಾವಿ ಬರುವವರೆಗೆ ನನಗೆ ಒಂದೇ ಯೋಚನೆ. ಇನ್ನೊಂದು ಸಲ ಕತ್ತರಿಸಿದರೆ ಎಷ್ಟು ಹೋದೀತು? ಸ್ವಲ್ಪ. ನಾಲಿಗೆಯಲ್ಲಿ ಸ್ವಲ್ಪ ಅಂದರೆ ಎಷ್ಟು? ಊಟಕ್ಕೆ ಸಾಕಾಗುವಷ್ಟು ಉಳಿಯುತ್ತದೆ. ಮಾತಿಗೆ? ನನಗೆ ಗೊತ್ತಿರಲಿಲ್ಲ. ನಾಲಿಗೆಯ ತುಂಡನ್ನು ನೂರಾರು ಸಲ ಕೈಯಲ್ಲಿ ಹಿಡಿದಿದ್ದೆ, ಅದರಿಂದ ಮಾತಾಡುತ್ತಾರೆ ಎಂಬುದನ್ನು ಒಮ್ಮೆಯೂ ಯೋಚಿಸಿರಲಿಲ್ಲ.

ಕುಗ್ಗಿದ್ದು ಎಷ್ಟೆಂದು ದಾರವಿಲ್ಲದೆಯೂ ಕಂಡುಹಿಡಿಯಬೇಕು ಎಂಬ ಹುಚ್ಚು ಹತ್ತಿದ್ದು ಆಗಲೇ. ಹೇಗೆ ಎಂದರೆ, ಮತ್ತೊಂದು ನಾಲಿಗೆ ಅಳೆದು.

ನಮ್ಮದು ಲಿಂಗ ಕಟ್ಟಿಕೊಂಡವರ ಮನೆ. ದಿನವಿಡೀ ಮಾಂಸದ ನಡುವೆ ಇದ್ದು, ಸಂಜೆ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು ರೊಟ್ಟಿ ತಿನ್ನುವವಳು ನಾನು. ಮಟನ್ ಅಂಗಡಿಯ ಮೆಟ್ಟಿಲು ಅಲ್ಲಿಯವರೆಗೆ ಹತ್ತಿರಲಿಲ್ಲ. ಖಾನಾಪುರದಲ್ಲಿ ಯಾರಾದರೂ ಕಂಡರೆ ಮುಗಿಯಿತು ಎಂದು ಬೆಳಗಾವಿಯಲ್ಲೇ ಒಂದು ಅಂಗಡಿ ಹುಡುಕಿ, ಸೆರಗು ಹೊದ್ದು ಹೋಗಿ ನಿಂತೆ.

"ಆಡಿನ ನಾಲಿಗಿ ಅಷ್ಟ ಕೊಡ್ರಿ."

ಅಂಗಡಿಯವನು ತಲೆ ಎತ್ತಿದ. "ಫಕ್ತ ಜೀಭ? ಬ್ಯಾರೆ ಏನೂ ಬ್ಯಾಡೇನ್ರಿ? ಏನು ಮಾಡ್ತೀರಿ ಅದರದು?"

"ಅಳಿಯಾಕ ಬೇಕಾಗೇತ್ರಿ" ಎಂದೆ.

ಅವನು ನನ್ನ ಹಣೆಯ ವಿಭೂತಿ ನೋಡಿದ, ಸೆರಗು ನೋಡಿದ, ಇದು ಯಾವುದೋ ಮಾಟದ ಕೆಲಸ ಎಂದು ತೀರ್ಮಾನಿಸಿದವನಂತೆ ಕಟ್ಟಿಕೊಟ್ಟ. ದುಡ್ಡನ್ನು ಕೈಗೆ ಇಸಿದುಕೊಳ್ಳಲಿಲ್ಲ, ಕಟ್ಟೆಯ ಮೇಲೆ ಇಡಲು ಹೇಳಿದ.

ಮೇಡಂ ನಕ್ಕರು, ಆದರೆ ಬೇಡ ಅನ್ನಲಿಲ್ಲ. ಮೂರು ತುಂಡು ಕೊಯ್ದೆ, ಪ್ರತಿಯೊಂದೂ ಇಪ್ಪತ್ತು ಮಿಲಿಮೀಟರ್. ಒಂದನ್ನು ನಮ್ಮ ನಿತ್ಯದ ದಾರಿಯಲ್ಲಿ, ಫಾರ್ಮಾಲಿನ್, ಆಲ್ಕೋಹಾಲ್, ಝೈಲೀನ್, ಬಿಸಿ ಮೇಣ. ಇನ್ನೊಂದನ್ನು ಫಾರ್ಮಾಲಿನ್ ಆದ ಮೇಲೆ ರೆಸಿನ್‌ನಲ್ಲಿ. ಗಟ್ಟಿ ಅಂಟಿನಂಥ ಆ ವಸ್ತುವನ್ನು ಎಲುಬಿನ ತುಂಡಿಗೆ ಬಳಸಿ ನೋಡಿ ಎಂದು ಕಂಪನಿಯವನೊಬ್ಬ ಬಿಟ್ಟುಹೋಗಿದ್ದ. ಮೂರನೆಯದನ್ನು ಯಾವುದರಲ್ಲೂ ಅದ್ದದೆ ನೇರ ಫ್ರೀಜ್ ಮಾಡಿ ಕೊಯ್ದೆ. ಆಪರೇಶನ್ ನಡೆಯುತ್ತಿರುವಾಗಲೇ ಉತ್ತರ ಬೇಕಾದರೆ ಹಾಗೆ ಮಾಡುತ್ತೇವೆ.

ಫ್ರೀಜ್ ಮಾಡಿದ್ದು ಹೆಚ್ಚುಕಡಿಮೆ ಇಪ್ಪತ್ತೇ ಉಳಿಯಿತು. ಆದರೆ ಹಿಮದ ಹರಳಿನಿಂದ ಜರಡಿಯ ಹಾಗೆ ತೂತು ಬಿದ್ದು, ನೋಡಲು ಬಾರದಂತಾಗಿತ್ತು. ರೆಸಿನ್‌ನದು ಹದಿನೆಂಟರ ಮೇಲಿತ್ತು. ಮೇಣದ್ದು ಹದಿನಾರಕ್ಕೆ ಇಳಿಯಿತು. ಆಹಾ, ಸಿಕ್ಕಿತು ಲೆಕ್ಕ ಎಂದುಕೊಂಡೆ. ಆಮೇಲೆ ಆ ಮೇಣದ ತುಂಡನ್ನು ತೆಳ್ಳಗೆ ಹೆರೆದು, ಸುಕ್ಕು ಬಿಡಿಸಲು ಬೆಚ್ಚನೆಯ ನೀರಿನ ಮೇಲೆ ತೇಲಿಬಿಟ್ಟರೆ ಅದು ಹಿಗ್ಗಿ ಹದಿನೇಳಾಯಿತು. ನೀರನ್ನು ತುಸು ಬಿಸಿ ಮಾಡಿದೆ, ಇನ್ನೂ ಹಿಗ್ಗಿತು. ಅಂದರೆ ಗಾಜಿನ ಮೇಲಿನ ಮೂರು ಮಿಲಿಮೀಟರಿನಲ್ಲಿ ಅವತ್ತಿನ ನೀರಿನ ಬಿಸಿಯೂ ಸೇರಿತ್ತೇ? ಮರುದಿನ ಇನ್ನೊಂದು ನಾಲಿಗೆ ತಂದು ಅಡ್ಡ ಕೊಯ್ದು ಮಾಡಿದೆ, ಲೆಕ್ಕ ಬೇರೆಯೇ ಬಂತು. ಉದ್ದದ ಸ್ನಾಯು ಒಂದು ರೀತಿ ಕುಗ್ಗುತ್ತದೆ, ಅಡ್ಡ ಸ್ನಾಯು ಇನ್ನೊಂದು ರೀತಿ. ನನ್ನ ವಹಿಯ ಎರಡು ಪುಟ ತುಂಬಿದವು, ತಲೆ ಕೆಟ್ಟು ಕೆರ ಹಿಡಿಯಿತು.

ಎಲ್ಲ ಬರೆದದ್ದನ್ನು ಮೇಡಂಗೆ ತೋರಿಸಿದೆ. ಅವರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು.

"ಎಲ್ಲಾ ಬರೋಬ್ಬರಿ ಮಾಡೀಯವಾ. ಆದ್ರ ಆಡು ಅಂಗಡ್ಯಾಗ ಸತ್ತ ಎಷ್ಟು ಹೊತ್ತಾಗಿತ್ತು?"

"ಬೆಳಿಗ್ಗೆ ಕೊಯ್ದದ್ದು ಅಂದಾನ್ರಿ ಅಂಗಡಿಯಂವ."

"ಜೀವ ಇದ್ದ ನಾಲಿಗಿ ಕೊಯ್ದ ಕೂಡ್ಲೆ ತಾನ ಹಿಡಕೊಂತೈತಿ. ಭಾಳ ಕುಗ್ಗೂದು ಅವಾಗನ. ಸತ್ತ ಸ್ನಾಯು ಹಿಡಕೊಳ್ಳೂದಿಲ್ಲ. ಮೇಣದ್ದು ನೀ ಅಳದಿ. ಮೊದಲಿಂದು ಯಾರು ಅಳೀಬೇಕು?"

ನನಗೆ ಬೇಕಾದ ಉತ್ತರ ಬದುಕಿದ ನಾಲಿಗೆಯಲ್ಲಿ ಮಾತ್ರ ಇತ್ತು. ಅದನ್ನು ಒಬ್ಬರು ಅಳೆದು, ಕಟ್ಟಿ, ಬರೆದು ಕಳಿಸಿಯೂ ಇದ್ದರು.

ಸರ್ಜನ್ ರೋಗಿಯನ್ನು ಕರೆಸಿ ಎರಡೂ ಮಾತು ಹೇಳಿದರಂತೆ. ಕಾದು ನೋಡಬಹುದು, ತಿಂಗಳಿಗೊಮ್ಮೆ ತೋರಿಸಬೇಕು. ಇಲ್ಲವೇ ಇನ್ನೊಂದಿಷ್ಟು ತೆಗೆಯಬಹುದು. ದಾರದ ಲೆಕ್ಕ ಕೈಯಲ್ಲಿದ್ದಿದ್ದರೆ ಕಾಯೋಣ ಎಂದು ಧೈರ್ಯವಾಗಿ ಹೇಳುತ್ತಿದ್ದೆ ಎಂದು ಅವರು ಆಮೇಲೆ ಮೇಡಂ ಹತ್ತಿರ ಅಂದರು. ಲೆಕ್ಕ ಇರಲಿಲ್ಲ, ಧೈರ್ಯವೂ ಬರಲಿಲ್ಲ. ಡಾಕ್ಟರು ಅನುಮಾನಿಸಿದರೆ ರೋಗಿ ಏನು ಮಾಡುತ್ತಾನೆ? "ಉಳದಿದ್ರ ತಗದಬಿಡ್ರಿ" ಎಂದರಂತೆ ಅವರು. ಈ ಸಲ ಬೆಳಗಾವಿಯಲ್ಲೇ ಆಪರೇಶನ್ ಆಯಿತು, ಆಳವಾಗಿ, ಅಗಲವಾಗಿ.

ಎರಡನೆಯ ತುಂಡೂ ನನ್ನ ಕೈಗೇ ಬಂತು. ಫಾರಂನ ಎರಡೂ ಬದಿ ಓದಿದೆ, ಏನೂ ಬರೆಯದ ಹಿಂಬದಿಯನ್ನೂ ಮೂರು ಸಲ ನೋಡಿದೆ. ತುಂಡು ಮುದುಡದಂತೆ ಥರ್ಮೋಕೋಲಿನ ಮೇಲೆ ಸೂಜಿ ಚುಚ್ಚಿ ಹರಡಿದೆ. ಅಳೆದೆ, ಬರೆದೆ, ಮತ್ತೆ ಅಳೆದೆ. ಹೆರೆಯುವಾಗ ಒಂದು ಪದರವನ್ನೂ ಹಾಳುಮಾಡಲಿಲ್ಲ. ಇಷ್ಟು ಜೋಪಾನವಾಗಿ ನಾನು ನನ್ನ ಮದುವೆ ಸೀರೆಯನ್ನೂ ಮಡಚಿಟ್ಟವಳಲ್ಲ.

ಮೇಡಂ ಎರಡು ದಿನ ನೋಡಿದರು. ಪ್ರತಿ ಗಾಜನ್ನೂ ನೋಡಿದರು. ಎಲ್ಲೂ ಒಂದೂ ಕ್ಯಾನ್ಸರ್ ಕೋಶ ಇರಲಿಲ್ಲ.

"ಪೂರಾ ಸ್ವಚ್ಛ ಐತಿ" ಎಂದರು.

ನನಗೆ ಅಳು ಬಂತು. ಸಂತೋಷಕ್ಕೋ, ಬೇರೆಯದಕ್ಕೋ, ಗೊತ್ತಾಗಲಿಲ್ಲ. "ಹಂಗಾರ ಇದನ್ನ ಕೊಯ್ಯೂದ ಬೇಕಾಗಿರ್ಲಿಲ್ಲೇನ್ರಿ?" ಎಂದೆ.

"ಹಂಗ ಹೇಳಾಕ ಬರೂದಿಲ್ಲ. ಒಂದೆರಡು ಕೋಶ ಉಳದು, ಗಾಯ ಮಾಯೂದ್ರಾಗ ಅವೂ ಹೋಗಿರಬೌದು. ಏನೂ ಉಳದಿರ್ಲಿಕ್ಕೂ ಸಾಕು. ಅದನ್ನ ತಲ್ಯಾಗ ಹಚ್ಕೊಂಡು ಕುಂದರಬ್ಯಾಡ."

ಹಚ್ಚಿಕೊಂಡು ಕೂತೆ. ಈಗಲೂ ಕೂತಿದ್ದೇನೆ. ದಾರ ಇದ್ದಿದ್ದರೆ ಸರ್ಜನ್ ಕಾಯುತ್ತಿದ್ದರು, ಕಾದಿದ್ದರೆ ಈ ತುಂಡು ಬಾಯಲ್ಲೇ ಇರುತ್ತಿತ್ತು ಎಂದು ಒಂದು ದಿನ ಅನಿಸುತ್ತದೆ. ಉಳಿದಿದ್ದ ರೋಗ ಬೆಳೆದು ಮನುಷ್ಯನನ್ನೇ ತಿನ್ನುತ್ತಿತ್ತೋ ಏನೋ, ನನ್ನ ತಪ್ಪೇ ಕಾಯಿತೋ ಏನೋ ಎಂದು ಇನ್ನೊಂದು ದಿನ. ಎರಡನೆಯದನ್ನು ನಂಬಲು ಬಹಳ ಆಸೆಯಾಗುತ್ತದೆ. ಅದಕ್ಕೇ ಅದನ್ನು ನಂಬಲು ಹೆದರಿಕೆ.

ರಿಪೋರ್ಟ್ ಒಯ್ಯಲು ಕಂಟ್ರೋಲರ್ ಅವರೇ ಬಂದರು. ಮೇಡಂ ಊಟಕ್ಕೆ ಹೋಗಿದ್ದರು, ಕೌಂಟರಿನಲ್ಲಿ ನಾನೊಬ್ಬಳೇ. ಎತ್ತರದ ಆಳು, ತೆಳ್ಳಗಾಗಿದ್ದರು, ಗದ್ದದ ಸುತ್ತ ಮಫ್ಲರ್. ಚೀಟಿಯಲ್ಲಿದ್ದ ಹೆಸರನ್ನು ಆವತ್ತು ಓದಿದೆ.

"ಬರ್ರಿ, ಕುಂದರ್ರಿ" ಎಂದು ಲಕೋಟೆ ಕೊಟ್ಟೆ. "ಏನೂ ಇಲ್ಲ ಅಂತ ಬಂದೇತ್ರಿ. ಸ್ವಚ್ಛ ಐತಿ."

ಅವರ ಕಣ್ಣು ತುಂಬಿದವು. ಎರಡೂ ಕೈ ಜೋಡಿಸಿದರು. ನನ್ನ ಗುರುತು ಅವರಿಗೆ ಹತ್ತಿತ್ತು ಎಂದು ಕಾಣುತ್ತದೆ, ನಕ್ಕರು. ಕಾಗದವನ್ನು ತೆರೆದು ನೋಡಿದರು, ಇಂಗ್ಲಿಷ್ ಅಕ್ಷರದ ಮೇಲೆ ಬೆರಳಾಡಿಸಿದರು. ತಲೆ ಎತ್ತಿ ಒಂದು ಮಾತು ಕೇಳಿದರು. ನಾಲಿಗೆ ಹೊರಳದೆ ಶಬ್ದಗಳು ಒಂದಕ್ಕೊಂದು ಅಂಟಿಕೊಂಡು ಬಂದವು. ಆದರೂ ನನಗೆ ತಿಳಿಯಿತು. ಮೊದಲನೇ ಸಲವೇ ರೋಗವೆಲ್ಲಾ ಹೊರಗೆ ಬಂದುಬಿಟ್ಟಿತ್ತೇ ಹಾಗಾದರೆ, ಎಂದು ಕೇಳುತ್ತಿದ್ದರು.

"ಏನಂದ್ರಿ?" ಎಂದೆ.

ಅವರು ಇನ್ನೊಮ್ಮೆ ಹೇಳಿದರು, ನಿಧಾನವಾಗಿ, ಒಂದು ಬೆರಳು ಎತ್ತಿ ಮೊದಲನೆಯದು ಎಂದು ತೋರಿಸಿ. ಹಣೆಯ ನರ ಉಬ್ಬಿತು. ಮೊದಲಿನದಕ್ಕಿಂತ ಸ್ಪಷ್ಟವಾಗಿತ್ತು.

"ತಿಳೀಲಿಲ್ರಿ" ಎಂದೆ.

ಅವರು ಬೆರಳು ಇಳಿಸಿದರು. ತಪ್ಪು ತಮ್ಮದೇ ಎಂಬಂತೆ ತಲೆಯಾಡಿಸಿ, ಕಾಗದ ಮಡಚಿ ಕಿಸೆಗೆ ಇಟ್ಟುಕೊಂಡರು. "ಇರ್ಲಿ ಬಿಡ್ರಿ ಬಾಯಾರ, ನನ್ನ ಮಾತು ಈಗ ಯಾರಿಗೂ ತಿಳಿಯೂದಿಲ್ಲ" ಎಂದು ಹೇಳಿ ಮೆಟ್ಟಿಲಿಳಿದು ಹೋದರು. ಅದೂ ನನಗೆ ಅಕ್ಷರಕ್ಷರ ತಿಳಿಯಿತು.